ಹಳೆ ಬೈಕಿಗೆ ಬ್ರೇಕ್ ಪ್ಯಾಡ್: ಮೊದಲು ಡಿಸ್ಕ್ ನೋಡಿ, ಆಮೇಲೆ ಅಂಗಡಿಗೆ ಹೋಗಿ

ಬೈಕಿನ ಹೆಸರು ಹೇಳಿ ಪ್ಯಾಡ್ ಕೇಳಿದರೆ ಹಳೆ ಗಾಡಿಗೆ ಎಷ್ಟೋ ಸಲ ತಪ್ಪು ಜೋಡಿಯೇ ಕೈಗೆ ಬರುತ್ತದೆ. ಒಂದೇ ಹೆಸರಿನಲ್ಲಿ ವರ್ಷಗಟ್ಟಲೆ ಮಾರಾಟವಾದ ಬೈಕಿಗೆ ಕಂಪನಿ ನಡುವೆ ಕಾಲಿಪರ್, ಅಂದರೆ ಪ್ಯಾಡುಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಭಾಗ, ಬದಲಿಸಿರುತ್ತದೆ. ಹಿಂದಿನ ಮಾಲೀಕ ಇನ್ಯಾವುದೋ ಗಾಡಿಯ ಕಾಲಿಪರ್ ಕೂರಿಸಿದ್ದರೂ ಇರಬಹುದು. ಹಾಗಾಗಿ ನಾನು ಹಳೆ ಪ್ಯಾಡನ್ನೇ ಕಿಸೆಯಲ್ಲಿ ಹಾಕಿಕೊಂಡು ಹೋಗುತ್ತೇನೆ. ಹಿಂಬದಿಯ ಕಬ್ಬಿಣದ ತಗಡನ್ನು ಹೊಸದರ ಮೇಲಿಟ್ಟು ಉದ್ದ, ಎತ್ತರ, ಪಿನ್ ತೂತಿನ ಜಾಗ, ಕಿವಿಗಳ ಆಕಾರ ತಾಳೆ ನೋಡುವುದು. ಒಳ ಪ್ಯಾಡ್, ಹೊರ ಪ್ಯಾಡ್ ಬೇರೆ ಬೇರೆ ಇರುವುದುಂಟು, ಎರಡನ್ನೂ ಒಯ್ಯಬೇಕು.

ನನ್ನದು ಇಪ್ಪತ್ತು ವರ್ಷ ದಾಟಿದ 150 ಸಿಸಿ ಬೈಕು, ಮುಂದೆ ಡಿಸ್ಕ್, ಹಿಂದೆ ಡ್ರಮ್. ಓಡಾಟ ಶಿರಸಿ–ಕುಮಟಾ ನಡುವೆ. ಅಂದರೆ ದೇವಿಮನೆ ಘಟ್ಟ, ನಾಲ್ಕು ತಿಂಗಳ ಮಳೆ, ಕೆಳಗಿಳಿದರೆ ಉಪ್ಪುಗಾಳಿ. ಯಾವ ಪ್ಯಾಡ್ ಎನ್ನುವುದನ್ನು ಈ ಮೂರು ಸಂಗತಿಗಳ ಜೊತೆ ಡಿಸ್ಕಿನ ಸ್ಥಿತಿಯೂ ತೀರ್ಮಾನಿಸುತ್ತದೆ.

ಡಿಸ್ಕಿನ ಮೇಲೆ ಕನಿಷ್ಠ ದಪ್ಪದ ಅಂಕಿ ಅಚ್ಚಾಗಿರುತ್ತದೆ. ನನ್ನದರಲ್ಲಿ 3.5 ಮಿ.ಮೀ. ಅಂಚಿನಲ್ಲಿ ಸವೆಯದ ದಿಬ್ಬ ಉಳಿದಿರುವುದರಿಂದ ದಪ್ಪ ಅಳೆಯುವ ವರ್ನಿಯರನ್ನು ನೇರ ಹಿಡಿದರೆ ಸುಳ್ಳು ಅಳತೆ ಸಿಗುತ್ತದೆ. ಮೈಕ್ರೋಮೀಟರ್ ಇದ್ದರೆ ಸರಿ. ಇಲ್ಲದಿದ್ದರೆ ಎರಡೂ ಕಡೆ ಒಂದೊಂದು ನಾಣ್ಯ ಇಟ್ಟು ಅಳೆದು, ನಾಣ್ಯಗಳ ದಪ್ಪ ಕಳೆಯಿರಿ. ನಾಲ್ಕು ಜಾಗದಲ್ಲಿ ಅಳೆದೆ, 3.8ರ ಆಸುಪಾಸು ಬಂತು. ಇಷ್ಟು ತೆಳುವಾದ ಡಿಸ್ಕಿಗೆ ಯಾವ ಜಾತಿಯ ಪ್ಯಾಡ್ ಎನ್ನುವುದೇ ಮುಂದಿನ ಪ್ರಶ್ನೆ.

ಜಾತಿ ಮೂರು. ಆರ್ಗ್ಯಾನಿಕ್, ಅಂದರೆ ನಾರನ್ನು ರಾಳದಲ್ಲಿ ಕಲಸಿ ಮಾಡಿದ್ದು, ಮೆತ್ತಗೆ, ಸದ್ದಿಲ್ಲ, ಡಿಸ್ಕಿಗೂ ಹಿತ. ಆದರೆ ಮಳೆಯಲ್ಲಿ ಲಿವರ್ ಒತ್ತಿದ ಮೊದಲ ಕ್ಷಣ ಹಿಡಿತ ತಡವಾಗುತ್ತದೆ, ಉದ್ದದ ಇಳಿಜಾರಿನಲ್ಲಿ ಕಾದರೆ ಜಾರುತ್ತದೆ. ಸಿಂಟರ್ಡ್ ಎಂದರೆ ಲೋಹದ ಪುಡಿಯನ್ನು ಕಾಯಿಸಿ ಒತ್ತಿ ಮಾಡಿದ್ದು. ಮಳೆಗೂ ಕಾವಿಗೂ ಜಗ್ಗುವುದಿಲ್ಲ. "ಘಟ್ಟಕ್ಕೆ ಇದೇ ಹಾಕಿ" ಎಂದು ಅಂಗಡಿಯವರು ಕೊಡುವುದೂ ಇದನ್ನೇ. ಹಳೆ ಗಾಡಿಯಲ್ಲಿ ಇದಕ್ಕೆ ಎರಡು ತೊಡಕು. ಅದಕ್ಕೆಂದು ಮಾಡದ ಡಿಸ್ಕನ್ನು, ಅದರಲ್ಲೂ ಬೀಡು ಕಬ್ಬಿಣದ್ದನ್ನು, ಬೇಗ ತಿನ್ನುತ್ತದೆ. ಎರಡನೆಯದು ಯಾರೂ ಹೇಳುವುದಿಲ್ಲ: ಲೋಹವಾದ್ದರಿಂದ ಕಾವು ಅದರ ಮೂಲಕ ಸಲೀಸಾಗಿ, ಪ್ಯಾಡನ್ನು ತಳ್ಳುವ ಪಿಸ್ಟನ್ನಿಗೆ, ಅಲ್ಲಿಂದ ಬ್ರೇಕ್ ಆಯಿಲ್‌ಗೆ ಇಳಿಯುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯುವುದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ಗೆ. ತೇವ ಹೀರಿದ ಮೇಲೆ ಅದಕ್ಕಿರುವ ಮಿತಿ 155. ನಮ್ಮ ಮಳೆಗಾಲದ ಗಾಳಿಯಲ್ಲಿ ತೇವಕ್ಕೇನು ಬರ! ಆಯಿಲ್ ಕುದ್ದು ಗುಳ್ಳೆ ಎದ್ದರೆ ಲಿವರ್ ಹ್ಯಾಂಡಲಿಗೆ ತಾಗುತ್ತದೆ, ಚಕ್ರ ನಿಲ್ಲುವುದಿಲ್ಲ.

ನಾನು ಹಾಕಿದ್ದು ಇವೆರಡರ ನಡುವಿನ ಮೂರನೆಯ ಜಾತಿ, ರಾಳದಲ್ಲಿ ಲೋಹದ ಚೂರು ಬೆರೆಸಿದ ಸೆಮಿ ಮೆಟಾಲಿಕ್. ಜೊತೆಗೆ ಡಾಟ್ 4 ಆಯಿಲನ್ನೂ ಪೂರ್ತಿ ಬದಲಿಸಿದೆ. ಕೆಲವು ಪ್ಯಾಡುಗಳ ಮೇಲೆ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ: ಮೊದಲನೆಯದು ಕಡಿಮೆ ಕಾವಿನ ಹಿಡಿತ, ಎರಡನೆಯದು ಹೆಚ್ಚು ಕಾವಿನದು. ಎಫ್ ಅಂದರೆ ಘರ್ಷಣೆಯ ಅಂಕ 0.35ರಿಂದ 0.45, ಜಿ ಅಂದರೆ 0.45ರಿಂದ 0.55, ಎಚ್ ಅದಕ್ಕೂ ಮೇಲೆ. ಜಿಎಫ್ ಎಂದಿದ್ದರೆ ಕಾದಾಗ ಹಿಡಿತ ಇಳಿಯುತ್ತದೆ ಎಂದೇ ಅರ್ಥ. ಘಟ್ಟಕ್ಕೆ ಎಫ್‌ಎಫ್ ಅಥವಾ ಜಿಜಿಯಂಥ ಸಮ ಜೋಡಿ ನನಗೆ ಇಷ್ಟ.

ಹಳೆ ಬೈಕಿನ ಪ್ಯಾಡ್ ಅಂಗಡಿಯ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ. ಕಾರವಾರ, ಅಂಕೋಲಾದ ಗಾಳಿಯಲ್ಲಿ ಪೊಟ್ಟಣದೊಳಗೇ ತಗಡು ತುಕ್ಕು ಹಿಡಿದು, ಆ ತುಕ್ಕು ಅಂಟಿನ ಕೆಳಗೆ ಹಬ್ಬಿ ಲೈನಿಂಗನ್ನು, ಅಂದರೆ ಡಿಸ್ಕಿಗೆ ಉಜ್ಜುವ ಪದರವನ್ನು, ಎತ್ತುತ್ತದೆ. ಅಂಚಿನ ಸುತ್ತ ಉಗುರು ಆಡಿಸಿ ನೋಡಿ. ಎಲ್ಲಾದರೂ ಸಂದು ಸಿಕ್ಕರೆ ವಾಪಸ್ ಕೊಟ್ಟುಬಿಡಿ. ಇನ್ನು ತೀರಾ ಹಳೆಯ ಸ್ಟಾಕಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇದೆ, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ, ಬೇಡವೇ ಬೇಡ. ಕಾಲಿಪರಿನ ಹಳೆ ಧೂಳನ್ನು ಊದುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುವುದೂ ಇದೇ ಕಾರಣಕ್ಕೆ.

ಹಳೆ ಪ್ಯಾಡ್ ಸವೆದ ರೀತಿಯಲ್ಲೇ ಕಾಲಿಪರಿನ ಜಾತಕ ಇದೆ. ತೇಲುವ ಕಾಲಿಪರಿನಲ್ಲಿ, ಅಂದರೆ ಒಂದೇ ಕಡೆ ಪಿಸ್ಟನ್ ಇದ್ದು ಸ್ಲೈಡ್ ಪಿನ್ನುಗಳ ಮೇಲೆ ಪಕ್ಕಕ್ಕೆ ಜಾರುವಂಥದ್ದರಲ್ಲಿ, ಒಳ ಪ್ಯಾಡ್ ಮಾತ್ರ ಸವೆದಿದ್ದರೆ ಅಥವಾ ಪ್ಯಾಡ್ ಓರೆಯಾಗಿ ಸವೆದಿದ್ದರೆ ಸ್ಲೈಡ್ ಪಿನ್ ಬಿಗಿದಿದೆ. ಚಿರೇಕಲ್ಲಿನ ಕೆಸರು ಪಿನ್ ಮುಚ್ಚುವ ರಬ್ಬರ್ ಬೂಟಿನೊಳಗೆ ಹೋಗಿ ಒಣಗಿ ಕೂತಿರುತ್ತದೆ. ಪಿನ್ ತೆಗೆದು, ಎಮರಿ ಪೇಪರಿನಿಂದ ತುಕ್ಕು ತೆಗೆದು, ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಬೇಕು. ಚಕ್ರಕ್ಕೆ ಹಾಕುವ ಸಾದಾ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಸಿಕ್ಕಿಹಾಕಿಕೊಳ್ಳುತ್ತದೆ.

ಪಿಸ್ಟನ್ನನ್ನು ಒಳಗೆ ತಳ್ಳುವ ಮೊದಲು ಹೊರಗೆ ಕಾಣುವ ಭಾಗವನ್ನು ಬ್ರಶ್ಶಿನಿಂದ ತೊಳೆಯಿರಿ. ಹಾಗೇ ತಳ್ಳಿದರೆ ಕೆಸರು ಸೀಲನ್ನು ಗೀರುತ್ತದೆ. ಹೊಸ ಪ್ಯಾಡ್ ದಪ್ಪ, ಪಿಸ್ಟನ್ ಹಿಂದೆ ಸರಿದಂತೆ ಮೇಲಿನ ಡಬ್ಬಿಯಲ್ಲಿ ಆಯಿಲ್ ಏರುತ್ತದೆ. ಮೊದಲೇ ಸ್ವಲ್ಪ ತೆಗೆದಿಡಿ, ಟ್ಯಾಂಕಿನ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಎದ್ದು ಬರುತ್ತದೆ. ಹಳೆ ಪ್ಯಾಡಿನ ಹಿಂದಿದ್ದ ತೆಳು ತಗಡಿನ ಶಿಮ್ಮನ್ನು ಹೊಸದಕ್ಕೆ ಹಾಕಲು ಮರೆತರೆ ಕಿರ್ರೆನ್ನುವ ಸದ್ದು ಬರುತ್ತದೆ. ಜೋಡಿಸಿದ ಮೇಲೆ ಲಿವರ್ ಗಟ್ಟಿಯಾಗುವವರೆಗೆ ಒತ್ತಿ, ನಂತರವೇ ಗಾಡಿ ಸರಿಸಿ.

ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ಒರೆಸಬೇಕು, ಡೀಸೆಲ್, ಸೀಮೆಎಣ್ಣೆ ಕೂಡದು. ರಾತ್ರಿ ಮಳೆಗೆ ನಿಂತ ಗಾಡಿಯ ಡಿಸ್ಕ್ ಬೆಳಗ್ಗೆ ಕೆಂಪಾಗಿದ್ದರೆ ಎಣ್ಣೆ ಸವರುವ ಪುಣ್ಯಾತ್ಮರಿದ್ದಾರೆ. ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುವ ತುಕ್ಕಿಗೆ ಒಂದು ಜೋಡಿ ಪ್ಯಾಡ್ ಬಲಿ. ಎಣ್ಣೆ ಕುಡಿದ ಪ್ಯಾಡ್ ಉಜ್ಜಿದರೂ ಸುಟ್ಟರೂ ಸರಿಹೋಗುವುದಿಲ್ಲ.

ಹೊಸ ಪ್ಯಾಡನ್ನು ಪಳಗಿಸದೆ ಘಟ್ಟ ಇಳಿಯಬೇಡಿ. ಮೊದಲ ಸಲ ಜೋರಾಗಿ ಕಾದಾಗ ಅದರಿಂದ ಅನಿಲ ಹೊರಟು ಹಿಡಿತ ದಿಢೀರ್ ಕಳೆದುಹೋಗುತ್ತದೆ. ಶಿರಸಿ ಕಡೆಯ ಮಟ್ಟಸ ರಸ್ತೆಯಲ್ಲಿ ಐವತ್ತರ ವೇಗದಿಂದ ಹತ್ತಕ್ಕೆ, ಸುಮಾರು ಇಪ್ಪತ್ತು ಸಲ, ನಡುವೆ ಅರ್ಧ ಕಿಲೋಮೀಟರ್ ಆರಲು ಬಿಟ್ಟು ಇಳಿಸಿದೆ. ಪೂರ್ತಿ ನಿಲ್ಲಿಸಿ ಲಿವರ್ ಒತ್ತಿ ಹಿಡಿಯಬಾರದು. ಬಿಸಿ ಪ್ಯಾಡ್ ಡಿಸ್ಕಿನ ಒಂದೇ ಜಾಗಕ್ಕೆ ಅಂಟಿ, ಮುಂದೆ ಬ್ರೇಕ್ ಹಿಡಿದಾಗಲೆಲ್ಲ ಹ್ಯಾಂಡಲ್ ನಡುಗುತ್ತದೆ. ಲೈನಿಂಗ್ 1 ಮಿ.ಮೀ.ಗೆ ಬರುವ ಮೊದಲೇ ಬದಲಿಸಬೇಕು. ನಾನು ಮಳೆಗಾಲಕ್ಕೆ ಮುಂಚೆ 2 ಮಿ.ಮೀ. ಉಳಿದಿದ್ದರೂ ಬದಲಿಸಿಬಿಡುತ್ತೇನೆ, ಕೆಸರು ಸೇರಿದರೆ ಅಷ್ಟು ಸವೆಯಲು ಒಂದು ಆಷಾಢ ಸಾಕು.