ಜಿಪ್ಸಂ ಬೋರ್ಡ್ ಗೋಡೆ: ಸಕಲೇಶಪುರಕ್ಕೆ ಒಂದು ಲೆಕ್ಕ, ಅರಸೀಕೆರೆಗೆ ಇನ್ನೊಂದು

ದೊಡ್ಡ ಹಾಲನ್ನು ಎರಡು ಮಾಡಬೇಕು, ಹೋಂಸ್ಟೇಗೆಂದು ಮಹಡಿಯಲ್ಲಿ ಇನ್ನೊಂದು ರೂಮು ತೆಗೆಯಬೇಕು ಎಂದಾಗ ಹಾಸನ, ಚಿಕ್ಕಮಗಳೂರು ಕಡೆಯಲ್ಲೂ ಈಗ ಇಟ್ಟಿಗೆಯ ಬದಲು ಜಿಪ್ಸಂ ಬೋರ್ಡಿನ ಮಾತು ಬರುತ್ತದೆ. ಮುಖ್ಯ ಕಾರಣ ಭಾರ. ನಾಲ್ಕಿಂಚಿನ ಇಟ್ಟಿಗೆ ಗೋಡೆ, ಎರಡೂ ಬದಿಯ ಗಾರೆ ಸೇರಿ, ಚದರ ಮೀಟರಿಗೆ 200 ಕಿಲೋ ದಾಟುತ್ತದೆ. ಜಿಐ (ಸತು ಲೇಪಿಸಿದ ಕಬ್ಬಿಣದ ತಗಡು) ಚೌಕಟ್ಟಿನ ಎರಡೂ ಬದಿಗೆ 12.5 ಮಿ.ಮೀ. ಬೋರ್ಡ್ ಹೊಡೆದರೆ 25 ಕಿಲೋ ಒಳಗೇ ಮುಗಿಯುತ್ತದೆ. ಕೆಳಗೆ ಬೀಮ್ ಇಲ್ಲದ ಸ್ಲ್ಯಾಬಿನ ಮೇಲೆ ಇಟ್ಟಿಗೆ ಗೋಡೆಗೆ ಒಪ್ಪದ ಎಂಜಿನಿಯರು ಇದಕ್ಕೆ ಒಪ್ಪುವುದು ಅದಕ್ಕೇ.

ಆದರೆ ನಮ್ಮ ಎರಡು ಜಿಲ್ಲೆಗಳಲ್ಲಿ ಯಾವ ಬೋರ್ಡ್ ಎಂಬುದನ್ನು ಅಂಗಡಿಯ ಕ್ಯಾಟಲಾಗ್ ನೋಡಿ ತೀರ್ಮಾನಿಸಬಾರದು, ಮಳೆ ನೋಡಿ ತೀರ್ಮಾನಿಸಬೇಕು. ಅರಸೀಕೆರೆ, ಕಡೂರಿನಲ್ಲಿ ವರ್ಷಗಟ್ಟಲೆ ಏನೂ ಆಗದ ಸಾದಾ ಬೋರ್ಡು ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯ ಜಡಿಮಳೆಯಲ್ಲಿ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿಯಬಹುದು. ಬೋರ್ಡ್ ಎಂದರೆ ಎರಡು ಪದರ ದಪ್ಪ ಕಾಗದ, ನಡುವೆ ಜಿಪ್ಸಂ ತಿರುಳು. ತಿರುಳು ನೀರು ಹೀರುತ್ತದೆ, ಕಾಗದ ಬೂಷ್ಟಿಗೆ ಆಹಾರವಾಗುತ್ತದೆ.

ಮೊದಲು ಗೋಡೆಯ ಪರೀಕ್ಷೆ

ಹೊಸ ಪಾರ್ಟಿಷನ್ ಆದರೆ ಈ ಭಾಗ ಬಿಟ್ಟು ಮುಂದೆ ಓದಿ. ಹಳೆಯ ಗೋಡೆಯ ಮೇಲೆ ಬೋರ್ಡ್ ಹೊದಿಸುವವರು ಮಾತ್ರ ಇದನ್ನು ಮಾಡದೆ ಒಂದು ಸ್ಕ್ರೂ ಕೂಡ ಕೊಳ್ಳಬಾರದು.

ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಹಚ್ಚಿ ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆಗೆ, ಬೆವರಿನಂತೆ ಹನಿ ಕೂತಿದ್ದರೆ ತೇವ ಗೋಡೆಯೊಳಗಿನಿಂದಲೇ ಬರುತ್ತಿದೆ. ಹನಿ ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ. ಕಿಟಕಿ, ವೆಂಟಿಲೇಟರ್ ಸರಿಮಾಡಿದರೆ ಸಾಕು. ಈ ಪರೀಕ್ಷೆಯನ್ನು ಜುಲೈ, ಆಗಸ್ಟಿನಲ್ಲಿ ಮಾಡಬೇಕು. ಮಾರ್ಚಿನಲ್ಲಿ ಮಾಡಿದರೆ ಮಲೆನಾಡಿನ ಎಲ್ಲ ಗೋಡೆಯೂ ಒಣಗಿದಂತೆಯೇ ಕಾಣುತ್ತದೆ.

ಎರಚಲು ಹೊಡೆಯುವ ಪಶ್ಚಿಮದ ಗೋಡೆಯಲ್ಲಿ ತೇವ ಕಂಡರೆ ಬೋರ್ಡು ಅದಕ್ಕೆ ಮದ್ದಲ್ಲ. ಹೊರಗಾರೆಯ ಬಿರುಕು ಮುಚ್ಚಿ, ಸೂರು ಮುಂದಕ್ಕೆ ಚಾಚಿ, ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಚರಂಡಿ ತೆಗೆದು, ಒಂದು ಮಳೆಗಾಲ ನೋಡಿ. ಆಮೇಲೂ ಬೋರ್ಡ್ ಬೇಕೆಂದರೆ ಗೋಡೆಯಿಂದ ಒಂದೆರಡು ಇಂಚು ಬಿಟ್ಟು, ನೆಲಕ್ಕೂ ಮೇಲಿನ ಸ್ಲ್ಯಾಬಿಗೂ ಮಾತ್ರ ತಾಗುವಂತೆ ಚೌಕಟ್ಟು ನಿಲ್ಲಿಸಿ. ಗೋಡೆಗೇ ಅಂಟಿನ ಉಂಡೆ ಹಚ್ಚಿ ಬೋರ್ಡ್ ಒತ್ತುವ ವಿಧಾನ ಅಗ್ಗ, ಬೇಗ ಆಗುತ್ತದೆ. ಒಣ ಊರಿಗೆ ಅದು ಸರಿಯೇ. ಒದ್ದೆ ಗೋಡೆಗೆ ಹಚ್ಚಿದರೆ ಉಂಡೆ ಇದ್ದ ಕಡೆಯೆಲ್ಲ ತೇವ ಬೋರ್ಡಿಗೆ ದಾಟಿ, ಬಣ್ಣದ ಮೇಲೆ ದುಂಡು ದುಂಡು ಕಲೆ ಏಳುತ್ತದೆ.

ಯಾವ ಜಾಗಕ್ಕೆ ಯಾವುದು

ಸಾದಾ ಬೋರ್ಡಿನ ಮುಖಕಾಗದ ಬೂದು ಅಥವಾ ದಂತ ಬಣ್ಣದ್ದು. ಮಲಗುವ ಕೋಣೆ, ಹಾಲ್, ಆಫೀಸಿಗೆ ಇದು ಸಾಕು. ಗೋಡೆಗೆ 12.5 ಮಿ.ಮೀ. ದಪ್ಪಕ್ಕಿಂತ ಕಡಿಮೆಯದು ಬೇಡ.

ತೇವ ತಡೆಯುವ ಬೋರ್ಡನ್ನು ಅಂಗಡಿಗಳಲ್ಲಿ ಎಂಆರ್ ಬೋರ್ಡ್, ಗ್ರೀನ್ ಬೋರ್ಡ್ ಎನ್ನುತ್ತಾರೆ, ಮುಖ ಹಸಿರು. ತಿರುಳಿಗೆ ಸಿಲಿಕೋನ್ ಬೆರೆಸಿರುತ್ತಾರೆ. ಎರಡು ಗಂಟೆ ನೀರಿನಲ್ಲಿ ಮುಳುಗಿಸಿದರೂ ತನ್ನ ತೂಕದ ಶೇ 5ರ ಆಸುಪಾಸಿಗಿಂತ ಹೆಚ್ಚು ನೀರು ಹೀರಬಾರದು ಎಂಬುದು ಇದರ ಅಳತೆ. ಘಟ್ಟದ ಅಂಚಿನ ತಾಲ್ಲೂಕುಗಳಲ್ಲಿ ಅಡುಗೆಮನೆ, ವಾಶ್‌ಬೇಸಿನ್ ಹಿಂಭಾಗಕ್ಕೆ ಮಾತ್ರವಲ್ಲ, ಹೊರಗೋಡೆಯ ಒಳಬದಿಗೆ ಹೊದಿಸುವ ಎಲ್ಲ ಕಡೆಗೂ ಇದನ್ನೇ ಹಾಕುವುದು ಒಳ್ಳೆಯದು. ಆದರೆ ಎಂಆರ್ ಎಂದರೆ ವಾಟರ್‌ಪ್ರೂಫ್ ಅಲ್ಲ. ಆವಿ, ಆಗೊಮ್ಮೆ ಈಗೊಮ್ಮೆ ಸಿಡಿದ ನೀರು ತಡೆಯುತ್ತದೆ, ಷವರ್ ನೀರು ತಡೆಯುವುದಿಲ್ಲ. ಷವರ್ ಜಾಗಕ್ಕೆ ಸಿಮೆಂಟ್ ಫೈಬರ್ ಬೋರ್ಡ್, ಅದರ ಮೇಲೆ ವಾಟರ್‌ಪ್ರೂಫಿಂಗ್ ಕೋಟಿಂಗ್, ಆಮೇಲೆ ಟೈಲ್ಸ್.

ಕೆಂಪು ಅಥವಾ ಗುಲಾಬಿ ಮುಖದ್ದು ಬೆಂಕಿ ತಡೆಯುವ ಬೋರ್ಡ್. ಜಿಪ್ಸಮ್ಮಿನ ತೂಕದಲ್ಲಿ ಸುಮಾರು ಶೇ 21 ನೀರು ರಾಸಾಯನಿಕವಾಗಿ ಬೆರೆತಿರುತ್ತದೆ. ಬೆಂಕಿ ತಾಗಿದಾಗ ಆ ನೀರು ಆವಿಯಾಗುತ್ತಾ ಶಾಖ ನುಂಗುತ್ತದೆ, ಅಷ್ಟು ಹೊತ್ತು ಹಿಂಬದಿ ಹೆಚ್ಚು ಕಾಯುವುದಿಲ್ಲ. ನೀರು ಹೋದ ಮೇಲೆ ಸಾದಾ ಬೋರ್ಡು ಬಿರಿದು ಉದುರುತ್ತದೆ; ಇದರಲ್ಲಿ ಗಾಜಿನ ನಾರು ಇರುವುದರಿಂದ ಇನ್ನಷ್ಟು ಹೊತ್ತು ನಿಲ್ಲುತ್ತದೆ. ಗ್ಯಾಸ್ ಸಿಲಿಂಡರ್ ಇರುವ ಅಡುಗೆಮನೆಗೂ ಮಲಗುವ ಕೋಣೆಗೂ ನಡುವಿನ ಗೋಡೆಗೆ ಇದು ತಕ್ಕದ್ದು. ಆದರೆ ಮೇಲೆ ಎರಡಿಂಚು ಸಂದು ಬಿಟ್ಟು ಗೋಡೆ ನಿಲ್ಲಿಸಿದರೆ ಬೆಂಕಿ ಅಲ್ಲಿಂದಲೇ ದಾಟುತ್ತದೆ, ಹಾಕಿದ ದುಡ್ಡು ದಂಡ.

ಸೌದೆ ಉರಿಸುವ ಹಂಡೆ ಇರುವ ಬಚ್ಚಲುಮನೆಗೆ ಇವುಗಳಲ್ಲಿ ಯಾವುದೂ ಬೇಡ. ದಿನವೂ 50 ಡಿಗ್ರಿಗಿಂತ ಹೆಚ್ಚು ಕಾಯುವ ಜಾಗದಲ್ಲಿ ಜಿಪ್ಸಂ ನಿಧಾನವಾಗಿ ತನ್ನ ನೀರು ಕಳೆದುಕೊಂಡು ಪುಡಿಯಾಗುತ್ತದೆ. ಅಲ್ಲಿ ಇಟ್ಟಿಗೆಯೇ ಸರಿ.

12 ಅಡಿ ಗೋಡೆಗೆ ಎಷ್ಟು ಸಾಮಾನು

12 ಅಡಿ ಉದ್ದ, 9 ಅಡಿ ಎತ್ತರ, ಬಾಗಿಲಿಲ್ಲದ ಪಾರ್ಟಿಷನ್ ಎಂದುಕೊಳ್ಳಿ. 8x4 ಅಡಿಯ ಬೋರ್ಡು ಒಂದು ಬದಿಗೆ ಮೂರು, ಎರಡು ಬದಿಗೆ ಆರು. ಉಳಿದ ಒಂದಡಿ ಎತ್ತರಕ್ಕೆ ಏಳನೆಯದನ್ನು ಪಟ್ಟಿಯಾಗಿ ಕತ್ತರಿಸಿ. ಒಡೆಯುವುದಕ್ಕೆಂದು ಇನ್ನೊಂದು ಸೇರಿಸಿ ಎಂಟು ತನ್ನಿ. ನೆಲಕ್ಕೂ ಮೇಲಕ್ಕೂ 50 ಮಿ.ಮೀ. ಅಗಲದ ಟ್ರ್ಯಾಕ್ (ಚೌಕಟ್ಟಿನ ಅಡ್ಡ ಚಾನೆಲ್) ಒಟ್ಟು 24 ಅಡಿ. ಎರಡಡಿಗೊಂದರಂತೆ ಸ್ಟಡ್ (ಟ್ರ್ಯಾಕಿನೊಳಗೆ ನೆಟ್ಟಗೆ ನಿಲ್ಲುವ ಚಾನೆಲ್) ಏಳು. ಟೈಲ್ಸ್ ಅಂಟಿಸುವುದಾದರೆ ಸ್ಟಡ್‌ಗಳ ನಡುವೆ 400 ಮಿ.ಮೀ. ಸಾಕು, ಆಗ ಹತ್ತು ಬೇಕು. 25 ಮಿ.ಮೀ.ನ ಕಪ್ಪು ಡ್ರೈವಾಲ್ ಸ್ಕ್ರೂ 300. ಎರಡು ಪದರ ಬೋರ್ಡ್ ಹೊಡೆದರೆ ಮೇಲಿನ ಪದರಕ್ಕೆ 35 ಮಿ.ಮೀ.ನದು. ಕಾಗದದ ಟೇಪ್ 40 ಮೀಟರ್, ಸಂದು ಮುಚ್ಚುವ ಜಾಯಿಂಟಿಂಗ್ ಕಾಂಪೌಂಡ್ 10 ಕಿಲೋ ಆಸುಪಾಸು.

ಚೌಕಟ್ಟಿಗೆ ತೋಟದ ಸಿಲ್ವರ್ ಓಕ್ ರೀಪರ್ ಬಳಸುವ ಸಲಹೆ ನಮ್ಮ ಕಡೆ ಸಾಮಾನ್ಯ. ಮರ ಮನೆಯದೇ, ಖರ್ಚಿಲ್ಲ ಎಂಬ ಲೆಕ್ಕ. ಬೇಡ. ಹಸಿ ಹಲಗೆ ಮಳೆಗಾಲದಲ್ಲಿ ಉಬ್ಬಿ ಫೆಬ್ರವರಿ ಹೊತ್ತಿಗೆ ಕುಗ್ಗುತ್ತದೆ; ಸ್ಕ್ರೂ ತಲೆಗಳು ಬಣ್ಣ ಸೀಳಿಕೊಂಡು ಹೊರಗೆ ಬರುತ್ತವೆ, ಜೋಡಣೆಯ ಗೆರೆಗಳು ಬಿರಿಯುತ್ತವೆ. ಗೆದ್ದಲು ಮರ ತಿಂದು ಮುಗಿಸಿ ಬೋರ್ಡಿನ ಕಾಗದಕ್ಕೂ ಬರುತ್ತದೆ.

ಬೋರ್ಡುಗಳನ್ನು ಗೋಡೆಗೆ ಒರಗಿಸಿ ಇಡಬೇಡಿ, ಬಾಗುತ್ತವೆ. ನೆಲದಿಂದ ನಾಲ್ಕಿಂಚು ಮೇಲೆ, ಎರಡಡಿಗೊಂದು ಮರದ ತುಂಡು ಕೊಟ್ಟು ಮಟ್ಟಸವಾಗಿ ಮಲಗಿಸಿ. ಹೊರುವಾಗ ಮಾತ್ರ ಇಬ್ಬರು ಸೇರಿ ಅಂಚಿನ ಮೇಲೆ ನೆಟ್ಟಗೆ ಹಿಡಿಯಬೇಕು.

ಕೆಲಸದ ಕ್ರಮ

1. ನೆಲದ ಮೇಲೆ ಬಣ್ಣದ ದಾರ ಹೊಡೆದು ಗೆರೆ ಹಾಕಿ, ತೂಗುಗುಂಡು ಬಿಟ್ಟು ಅದನ್ನೇ ಮೇಲಿನ ಸ್ಲ್ಯಾಬಿಗೆ ಏರಿಸಿ. ನೀರು ಹೊಯ್ದು ನೆಲ ತೊಳೆಯುವ ಮನೆಯಾದರೆ ಟ್ರ್ಯಾಕಿನ ಕೆಳಗೆ ಮೂರು ನಾಲ್ಕು ಇಂಚಿನ ಕಾಂಕ್ರೀಟ್ ಕಟ್ಟೆ ಹಾಕಿಸಿ. ನಮ್ಮ ಮನೆಗಳಲ್ಲಿ ಬೋರ್ಡ್ ಹಾಳಾಗುವುದು ಹೆಚ್ಚಾಗಿ ಬುಡದಿಂದ.

2. ಎರಡಡಿಗೊಂದು ಆಂಕರ್ ಕೊಟ್ಟು ಟ್ರ್ಯಾಕ್ ಬಿಗಿಸಿ. ಸ್ಟಡ್‌ಗಳನ್ನು ನಿಜವಾದ ಎತ್ತರಕ್ಕಿಂತ 5 ಮಿ.ಮೀ. ಗಿಡ್ಡ ಕತ್ತರಿಸಿ, ತಿರುಗಿಸಿ ಕೂರಿಸಿ, ಎಲ್ಲವುಗಳ ತೆರೆದ ಬಾಯಿ ಒಂದೇ ಕಡೆಗಿರಲಿ. ಮೇಲಿನ ತುದಿಗೆ ಸ್ಕ್ರೂ ಹೊಡೆಯಬೇಡಿ; ಸ್ಲ್ಯಾಬ್ ಕೊಂಚ ತಗ್ಗಿದರೂ ಗೋಡೆ ಬಿರಿಯಬಾರದು.

3. ಟಿವಿ, ಕಪಾಟು, ಪರದೆ ರಾಡ್ ಬರುವ ಕಡೆ ಸ್ಟಡ್‌ಗಳ ನಡುವೆ 12 ಮಿ.ಮೀ. ಪ್ಲೈವುಡ್ ಈಗಲೇ ಬಿಗಿಸಿ. ವೈರಿಂಗ್ ಪೈಪ್ ಎಳೆದ ಮೇಲೆ ಅಳತೆ ಟೇಪ್ ಹಿಡಿದು ಫೋಟೊ ತೆಗೆದಿಡಿ. ಗೀಸರನ್ನು ಈ ಗೋಡೆಗೆ ತೂಗುಹಾಕಲೇಬಾರದು.

4. ಒಂದು ಬದಿಗೆ ಬೋರ್ಡ್ ಹೊಡೆಯಿರಿ. ಮುಖಕಾಗದವನ್ನು ಚಾಕುವಿನಿಂದ ಗೀರಿ, ಹಿಂದಕ್ಕೆ ಮಡಿಸಿ ಮುರಿದು, ಹಿಂಬದಿಯ ಕಾಗದ ಕೊಯ್ದರೆ ನೇರವಾಗಿ ತುಂಡಾಗುತ್ತದೆ. ನೆಲದಿಂದ 10 ಮಿ.ಮೀ. ಎತ್ತರಿಸಿ ಬಿಗಿಸಿ. ಒಂದಡಿಯ ಪಟ್ಟಿ ಒಂದು ಸಾಲಿಗೆ ಮೇಲೆ ಬಂದರೆ ಪಕ್ಕದ ಸಾಲಿಗೆ ಕೆಳಗೆ ಬರಲಿ. ಪಟ್ಟಿ ಸೇರುವ ಅಡ್ಡ ಸಂದಿನ ಹಿಂದೆ ಚಾನೆಲ್ ತುಂಡು ಕೊಡಿ.

5. ಸ್ಕ್ರೂಗಳ ನಡುವೆ 300 ಮಿ.ಮೀ. ಅಂತರ. ಕಾಗದ ಸುತ್ತಿದ ಅಂಚಿನಿಂದ 10, ಕತ್ತರಿಸಿದ ಅಂಚಿನಿಂದ 15 ಮಿ.ಮೀ. ಒಳಗೆ.

ಸ್ಕ್ರೂ ಎಷ್ಟು ಬಿಗಿಯಬೇಕು ಎಂಬಲ್ಲೇ ಕೈಚಳಕ. ತಲೆ ಕಾಗದವನ್ನು ಕೂದಲೆಳೆಯಷ್ಟು ಒಳಗೆ ಒತ್ತಬೇಕು, ಹರಿಯಬಾರದು. ಬೆರಳಾಡಿಸಿದರೆ ಬಟ್ಟಲಿನಂಥ ತಗ್ಗು ಸಿಗಬೇಕು. ಕಾಗದ ಹರಿದು ಬಿಳಿ ಪುಡಿ ಕಂಡರೆ ಆ ಸ್ಕ್ರೂ ಏನನ್ನೂ ಹಿಡಿದಿಲ್ಲ; ಬೋರ್ಡನ್ನು ಹಿಡಿಯುವುದು ಕಾಗದವೇ ಹೊರತು ತಿರುಳಲ್ಲ. ಎರಡಿಂಚು ಪಕ್ಕದಲ್ಲಿ ಇನ್ನೊಂದು ಹೊಡೆದು, ಕೆಟ್ಟದ್ದನ್ನು ತೆಗೆಯಿರಿ.

6. ಒಳಗೆ ಸದ್ದು ತಡೆಯಲು 50 ಮಿ.ಮೀ. ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ತುಂಬಿ ಎರಡನೇ ಬದಿ ಮುಚ್ಚಿ. ಈ ಬದಿಯನ್ನು ಎರಡಡಿಯ ಅರ್ಧ ಬೋರ್ಡಿನಿಂದ ಶುರುಮಾಡಿ. ಎರಡೂ ಬದಿಯ ಸಂದು ಒಂದೇ ಸ್ಟಡ್ ಮೇಲೆ ಬರಬಾರದು. ಸ್ವಿಚ್ ಬಾಕ್ಸ್‌ಗಳು ಬೆನ್ನಿಗೆ ಬೆನ್ನು ಕೊಟ್ಟರೆ ಪಕ್ಕದ ರೂಮಿನ ಮಾತು ನೇರವಾಗಿ ಕೇಳುತ್ತದೆ. ಹಂಚಿನ ಮನೆಯಲ್ಲಿ ಗೋಡೆಯನ್ನು ಫಾಲ್ಸ್ ಸೀಲಿಂಗ್ ಮಟ್ಟಕ್ಕೇ ನಿಲ್ಲಿಸುತ್ತಾರೆ. ಆಗ ಸದ್ದು ಅಟ್ಟದ ಮೇಲಿಂದ ದಾಟುತ್ತದೆ, ಎಷ್ಟು ರಾಕ್‌ವೂಲ್ ತುಂಬಿದರೂ ಪ್ರಯೋಜನವಿಲ್ಲ. ಗೋಡೆ ಹಂಚಿನ ಕೆಳಗಿನವರೆಗೂ ಏರಬೇಕು.

7. ಬುಡದ ಸಂದಿಗೆ ಸೀಲೆಂಟ್ ತುಂಬಿ, ಮೇಲೆ ನಾಲ್ಕಿಂಚಿನ ಟೈಲ್ ಸ್ಕರ್ಟಿಂಗ್ ಕೊಡಿ.

ಜೋಡಣೆ, ಒಣಗುವಿಕೆ

ಸಂದಿಗೆ ಕಾಂಪೌಂಡ್ ಎಳೆದು, ಹಸಿಯಿರುವಾಗಲೇ ಕಾಗದದ ಟೇಪ್ ಕೂರಿಸಿ, ಬ್ಲೇಡಿನಿಂದ ಒತ್ತಿ ಗಾಳಿಗುಳ್ಳೆ ತೆಗೆಯಿರಿ. ಅದರ ಮೇಲೆ ಎರಡು ಕೈ, ಪ್ರತಿ ಸಲವೂ ಹಿಂದಿನದಕ್ಕಿಂತ ಅಗಲವಾಗಿ. ಕೊನೆಗೆ ನಯವಾದ ಸ್ಯಾಂಡ್ ಪೇಪರ್.

ಬೇಸಿಗೆಯಲ್ಲಿ ಒಂದು ಕೈ ಒಂದು ದಿನದಲ್ಲಿ ಒಣಗುತ್ತದೆ. ಮಳೆಗಾಲದ ಮೂಡಿಗೆರೆಯಲ್ಲಿ ಎರಡು ಮೂರು ದಿನವೂ ಸಾಲದಿರಬಹುದು. ಬಣ್ಣ ಎಲ್ಲ ಕಡೆ ಒಂದೇ ಬಿಳುಪಾಗಬೇಕು, ಅಂಗೈ ಇಟ್ಟರೆ ತಣ್ಣಗಾಗಬಾರದು. ಅಲ್ಲಿಯವರೆಗೆ ಮುಂದಿನ ಕೈ ಹಚ್ಚಬೇಡಿ. ಮೇಲೆ ಒಣಗಿ ಒಳಗೆ ಹಸಿಯಿದ್ದರೆ ಕುಗ್ಗುವಾಗ ಸಂದಿನುದ್ದಕ್ಕೂ ಕೂದಲು ಬಿರುಕು ಬರುತ್ತದೆ. ಬೇಗ ಆಗಲೆಂದು ಹೀಟರ್ ಹಚ್ಚಿದರೂ ಅದೇ ಗತಿ. ಫ್ಯಾನ್ ಹಾಕಿ ಕಿಟಕಿ ತೆರೆಯಿರಿ, ಮಂಜು ಇಳಿದಾಗ ಮುಚ್ಚಿ. ಮಲೆನಾಡಿನಲ್ಲಿ ಈ ಕೆಲಸಕ್ಕೆ ನವೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ. ಕಾಫಿ ಕೊಯ್ಲಿಗೆ ಆಳು ಸಿಗದ ದಿನಗಳೂ ಅವೇ ಆದ್ದರಿಂದ ಕೆಲಸಗಾರರನ್ನು ದಸರೆಗೆ ಮೊದಲೇ ಗೊತ್ತುಮಾಡಿಕೊಳ್ಳಿ.

ಟೈಲ್ಸ್ ಅಂಟಿಸುವವರು ತೂಕ ನೋಡಿಕೊಳ್ಳಿ: 12.5 ಮಿ.ಮೀ. ಬೋರ್ಡು ಟೈಲು, ಅಂಟು ಎಲ್ಲ ಸೇರಿ ಚದರ ಮೀಟರಿಗೆ 32 ಕಿಲೋ ಹೊರಬಲ್ಲದು. ಬಣ್ಣಕ್ಕಾದರೆ ಪುಟ್ಟಿ ಎಳೆಯುವ ಮೊದಲು ಬೋರ್ಡಿನ ಇಡೀ ಮೈಗೆ ಪ್ರೈಮರ್ ಹಚ್ಚಿ. ಕಾಗದವೂ ಕಾಂಪೌಂಡೂ ಬಣ್ಣವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುವುದರಿಂದ, ಪ್ರೈಮರ್ ಬಿಟ್ಟ ಗೋಡೆಯಲ್ಲಿ ಸಂಜೆಯ ಓರೆ ಬೆಳಕಿಗೆ ಪ್ರತಿ ಸಂದೂ ಪಟ್ಟೆಯಾಗಿ ಎದ್ದು ಕಾಣುತ್ತದೆ.