ಮಾತಿನ ಜೊತೆಗೆ ಮಾತ್ರೆ ಬೇಕಾದಾಗ

ಅಪಘಾತ, ಹಲ್ಲೆ, ಲೈಂಗಿಕ ದೌರ್ಜನ್ಯ, ಕಣ್ಣೆದುರಿನ ಸಾವು. ಇಂಥದ್ದರಿಂದ ನಲುಗಿದ ಮಕ್ಕಳನ್ನು ಮನೋವೈದ್ಯನಾದ ನನ್ನ ಬಳಿಗೆ ಕರೆತರುವ ಪೋಷಕರಲ್ಲಿ ಕೆಲವರು ‘ಬೇಗ ಮರೆಯುವಂಥ ಮಾತ್ರೆ ಕೊಡಿ’ ಎನ್ನುತ್ತಾರೆ, ಕೆಲವರು ‘ಮಾತ್ರೆಯೊಂದು ಬೇಡ’ ಎಂದು ಕೈಮುಗಿಯುತ್ತಾರೆ. ಇಬ್ಬರಿಗೂ ನಾನು ಹೇಳುವುದು ಇಷ್ಟೇ: ಚಿಕಿತ್ಸೆ ನಡೆಯುವುದು ಮಾತಿನಿಂದ, ಮಾತ್ರೆ ಆ ಮಾತಿಗೆ ಅಡ್ಡಿಯಾಗಿರುವುದನ್ನು ಸರಿಸಲು ಮಾತ್ರ.

ಇದು ನನ್ನ ಹಟವಲ್ಲ. ಇಂಥ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆಗೆ ಪಿಟಿಎಸ್‌ಡಿ ಎನ್ನುತ್ತಾರೆ. ವಯಸ್ಕರ ಪಿಟಿಎಸ್‌ಡಿಗೆ ಸರ್ಟ್ರಲೀನ್ ಮತ್ತು ಪ್ಯಾರೊಕ್ಸೆಟೀನ್ ಎಂಬ ಖಿನ್ನತೆಯ ಔಷಧಗಳನ್ನು ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದೆ. ಮಕ್ಕಳ ಪಿಟಿಎಸ್‌ಡಿಗೆಂದು ಯಾವ ಔಷಧಕ್ಕೂ ಆ ಒಪ್ಪಿಗೆ ಇಲ್ಲ. ಅಮೆರಿಕದ ಮಕ್ಕಳ ಮನೋವೈದ್ಯೆ ಜುಡಿತ್ ಕೋಹೆನ್ ಅವರ ತಂಡ 2007ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನದಲ್ಲಿ 24 ಹುಡುಗಿಯರಿಗೂ ಆಘಾತ ಕೇಂದ್ರಿತ ಮಾತಿನ ಚಿಕಿತ್ಸೆ ಕೊಟ್ಟು, ಕೆಲವರಿಗೆ ಸರ್ಟ್ರಲೀನನ್ನೂ ಉಳಿದವರಿಗೆ ಹುಸಿ ಮಾತ್ರೆಯನ್ನೂ ಸೇರಿಸಿದ್ದರು. ಎರಡೂ ಗುಂಪಿನವರು ಚೇತರಿಸಿಕೊಂಡರು. ಔಷಧದಿಂದ ಹೆಚ್ಚಿನ ಲಾಭ ಸ್ಪಷ್ಟವಾಗಿ ಕಾಣಲಿಲ್ಲ. ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ ಇನ್ನೂ ಖಡಕ್ಕಾಗಿದೆ: 18 ವರ್ಷದೊಳಗಿನವರ ಪಿಟಿಎಸ್‌ಡಿಗೆ ಔಷಧ ಬೇಡವೇ ಬೇಡ.

ಹಾಗಿದ್ದೂ ನಾನು ಚೀಟಿ ಬರೆಯುವುದುಂಟು. ಒಬ್ಬ ಹುಡುಗನ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಬೈಕ್ ಅಪಘಾತದ ನಂತರ ರಾತ್ರಿಯಿಡೀ ಕೆಟ್ಟ ಕನಸು, ಹಗಲಲ್ಲಿ ಚಿಕಿತ್ಸಕಿಯ ಎದುರು ತೂಕಡಿಕೆ. ನಿದ್ದೆಗೆಟ್ಟ ಮಗುವಿನಿಂದ ಯಾವ ಮಾತು ಹೊರಡಿಸುವುದು? ರಕ್ತದೊತ್ತಡ ನೋಡಿಕೊಂಡು ಮಲಗುವ ಮುನ್ನ ಸಣ್ಣ ಪ್ರಮಾಣದ ಪ್ರಜೋಸಿನ್ ಶುರುಮಾಡಿದೆ; ಇದು ರಕ್ತದೊತ್ತಡ ಇಳಿಸುವ ಔಷಧ, ಕೆಟ್ಟ ಕನಸಿಗೂ ಬಳಸುತ್ತಾರೆ. ಮಕ್ಕಳಲ್ಲಿ ಇದರ ಬಗ್ಗೆ ಪುರಾವೆ ಕಡಿಮೆ ಎಂಬುದನ್ನು ತಾಯಿಗೆ ಮುಚ್ಚಿಡಲಿಲ್ಲ. ನಿದ್ದೆ ಒಂದು ಹದಕ್ಕೆ ಬಂದರೂ ಊಟ, ಆಟ ಎರಡೂ ಬೇಡವೆನ್ನುವ ಖಿನ್ನತೆ ಉಳಿದಿದ್ದರಿಂದ ಆಮೇಲೆ ಸರ್ಟ್ರಲೀನ್ ಸೇರಿಸಿದೆ. ಎರಡನ್ನೂ ಒಟ್ಟಿಗೆ ಶುರುಮಾಡಿದರೆ ಯಾವುದು ಏನು ಮಾಡಿತೆಂದು ತಿಳಿಯುವುದಿಲ್ಲ. ಮೊದಲ ಕೆಲವು ವಾರ ಚಡಪಡಿಕೆ, ಸಾಯುವ ಮಾತು ಕಂಡರೆ ತಕ್ಷಣ ತಿಳಿಸಿ ಎಂದು ತಾಯಿಗೆ ಹೇಳಿದ್ದೆ. ಮಕ್ಕಳಿಗೆ ಕೊಡುವ ಖಿನ್ನತೆಯ ಔಷಧಗಳ ಬಗ್ಗೆ ಎಫ್‌ಡಿಎ 2004ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ.

ಚಿಕಿತ್ಸಕಿ ಅವನ ಕೈಯಲ್ಲಿ ಭಯದ ಥರ್ಮಾಮೀಟರ್ ಬರೆಸಿದ್ದರು. ಸೊನ್ನೆಯಿಂದ ಹತ್ತರವರೆಗಿನ ಗೆರೆ, ಮೇಲಕ್ಕೆ ಹೋದಂತೆ ಕೆಂಪು ಬಣ್ಣ. ನಡೆದದ್ದನ್ನು ಅಧ್ಯಾಯಗಳಾಗಿ ಬರೆಯಬೇಕು. ಮೊದಲ ಅಧ್ಯಾಯದಲ್ಲಿ ಅಪ್ಪ ಹೆಲ್ಮೆಟ್ ಹುಡುಕುತ್ತಿದ್ದರು ಅಷ್ಟೇ. ಬ್ರೇಕ್ ಸದ್ದಿಗೆ ಬಂದಾಗ ಪೆನ್ಸಿಲ್ ನಿಂತಿತು, ಬೆರಳು ಎಂಟರ ಮೇಲೆ ಹೋಯಿತು. ಉಸಿರಾಟದ ಅಭ್ಯಾಸ ಮಾಡಿ ಅದೇ ಸಾಲನ್ನು ಮತ್ತೆ ಓದಿಸಿದರು. ಕೆಲವು ಭೇಟಿಗಳಲ್ಲಿ ಎಂಟು ನಾಲ್ಕಕ್ಕಿಳಿಯಿತು. ಪಕ್ಕದ ಕೋಣೆಯಲ್ಲಿ ತಾಯಿಗೂ ಪಾಠವಿತ್ತು: ಅಪಘಾತವಾದ ರಸ್ತೆ ಬೇಡವೆಂದು ಅವರು ಮಗನನ್ನು ಸುತ್ತುಬಳಸಿ ಶಾಲೆಗೆ ಕರೆದೊಯ್ಯುತ್ತಿದ್ದರು, ಅದನ್ನು ಬಿಡಬೇಕಿತ್ತು!

ಬರೆಯುವ ಈ ಘಟ್ಟದಲ್ಲಿ ಮಗು ತುಸು ಕೆಡುವುದು ಸಹಜ. ಸಿಡುಕು ಹೆಚ್ಚುತ್ತದೆ, ಮನೆಯವರು ಗಾಬರಿಯಿಂದ ಫೋನ್ ಮಾಡುತ್ತಾರೆ. ಆಗ ಔಷಧದ ಪ್ರಮಾಣ ಏರಿಸಬೇಕೆನಿಸುತ್ತದೆ. ಅಪಾಯದ ಲಕ್ಷಣ ಇಲ್ಲದಿದ್ದರೆ ನಾನು ಏರಿಸುವುದಿಲ್ಲ, ಮೊದಲು ಚಿಕಿತ್ಸಕಿಯನ್ನು ಕೇಳುತ್ತೇನೆ. ಇವತ್ತು ಯಾವ ಅಧ್ಯಾಯ ನಡೆಯಿತೆಂದು ಗೊತ್ತಿಲ್ಲದ ವೈದ್ಯ ಚೀಟಿ ತಿದ್ದಬಾರದು ಎಂಬುದು ನನ್ನ ಕಟ್ಟುನಿಟ್ಟು. ಡಯಾಜೆಪಾಮ್‌ನಂಥ ಮಂಪರು ತರಿಸುವ ಮಾತ್ರೆಗಳ ಸಹವಾಸಕ್ಕಂತೂ ಹೋಗುವುದಿಲ್ಲ.

ನಿಲ್ಲಿಸುವುದಕ್ಕೂ ಒಂದು ಕ್ರಮವಿದೆ. ಕನಸು ತಗ್ಗಿದ ಮೇಲೆ ಪ್ರಜೋಸಿನ್ ಮೊದಲು ಹೋಯಿತು. ಸರ್ಟ್ರಲೀನನ್ನು ಹುಡುಗ ಚೇತರಿಸಿಕೊಂಡ ಬಳಿಕವೂ ಕೆಲವು ತಿಂಗಳು ಮುಂದುವರಿಸಿ, ನಿಧಾನವಾಗಿ ಇಳಿಸಿದೆವು. ಅದಕ್ಕೆ ಪರೀಕ್ಷೆಯ ತಿಂಗಳನ್ನೂ ಅಪಘಾತ ನಡೆದ ತಾರೀಖಿನ ಆಸುಪಾಸನ್ನೂ ಬಿಟ್ಟು ದಿನ ಗೊತ್ತುಮಾಡಿದವರು ಅವನ ತಾಯಿ.