ಹುಬ್ಬು ಎತ್ತುವ ಮೊದಲು ಹಣೆ ಬಿಡಿಸಿ ನೋಡಿ

"ಹುಬ್ಬು ಇಳಿದಿದೆ, ಎತ್ತಿಕೊಡಿ" ಎಂದು ಬರುವವರು ಸಾಮಾನ್ಯವಾಗಿ ಕೆಳಗಿರುವ ಹುಬ್ಬಿನ ಮೇಲೆ ಬೆರಳಿಡುತ್ತಾರೆ. ನನ್ನ ಕಣ್ಣು ಮೊದಲು ಹೋಗುವುದು ಮೇಲಿರುವುದರ ಕಡೆಗೆ. ರೆಪ್ಪೆ ಮತ್ತು ಹುಬ್ಬಿನ ಶಸ್ತ್ರಚಿಕಿತ್ಸೆ ನನ್ನ ದಿನದ ಕೆಲಸ. ಈ ಕೆಲಸ ನನಗೆ ಕಲಿಸಿದ್ದರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದು: ಎರಡು ಹುಬ್ಬುಗಳ ಎತ್ತರ ಬೇರೆ ಬೇರೆ ಇದ್ದರೆ ತೊಂದರೆ ಯಾವ ಕಡೆಗಿದೆ ಎಂದು ನೋಡಿದ ಕೂಡಲೇ ಹೇಳಲಾಗದು. ಎಷ್ಟೋ ಸಲ ಇಳಿದಂತೆ ಕಾಣುವ ಹುಬ್ಬು ತನ್ನ ಜಾಗದಲ್ಲೇ ಇರುತ್ತದೆ. ಇನ್ನೊಂದು ಯಾವುದೋ ಒತ್ತಾಯಕ್ಕೆ ಮೇಲೇರಿರುತ್ತದೆ. ಆ ಒತ್ತಾಯವನ್ನು ಹುಡುಕದೆ ಕೆಳಗಿನದನ್ನು ಎತ್ತಿದರೆ ಸರಿಯಿದ್ದ ಕಡೆಗೇ ಕತ್ತರಿ ಹಾಕಿದಂತಾಗುತ್ತದೆ.

ಹುಬ್ಬನ್ನು ಮೇಲೆತ್ತುವ ಸ್ನಾಯು ಒಂದೇ, ಹಣೆಯ ಫ್ರಂಟಾಲಿಸ್. ಕೆಳಗೆಳೆಯುವವು ಹಲವು: ಹುಬ್ಬುಗಳ ನಡುವೆ ಗಂಟು ಹಾಕಿಸುವ ಕೊರುಗೇಟರ್, ಮೂಗಿನ ಬುಡದ ಪ್ರೊಸೀರಸ್, ಕಣ್ಣನ್ನು ಸುತ್ತುವರಿದ ಆರ್ಬಿಕ್ಯುಲಾರಿಸ್. ಹಗ್ಗಜಗ್ಗಾಟದಲ್ಲಿ ಒಂದು ಕಡೆ ಒಬ್ಬ, ಎದುರು ಮೂವರು ನಿಂತ ಹಾಗೆ. ಸಾಲದ್ದಕ್ಕೆ ಫ್ರಂಟಾಲಿಸ್ ಹಣೆಯ ಪೂರ್ತಿ ಅಗಲಕ್ಕೆ ಹಬ್ಬಿಲ್ಲ, ಕಣತಲೆ ತಲುಪುವ ಮೊದಲೇ ಮುಗಿದುಹೋಗುತ್ತದೆ. ಹೀಗಾಗಿ ಹುಬ್ಬಿನ ಬಾಲಕ್ಕೆ ಎತ್ತುವ ಆಸರೆ ಬಹಳ ಕಡಿಮೆ, ಎಳೆಯುವ ಆರ್ಬಿಕ್ಯುಲಾರಿಸ್ ಮಾತ್ರ ಧಾರಾಳ. ವಯಸ್ಸಾದಂತೆ ಹೊರತುದಿ ಮೊದಲು ಜಾರುವುದು ಇದರಿಂದ. ಮುಖ ದಣಿದಂತೆ, ದುಃಖದಲ್ಲಿರುವಂತೆ ಕಾಣುವುದೂ ಈ ಹೊರತುದಿಯಿಂದಲೇ.

ಪರೀಕ್ಷೆಗೆ ಕೂರಿಸಿದಾಗ ನಾನು ಮಾಡುವ ಮೊದಲ ಕೆಲಸ ಹಣೆಯನ್ನು ವಿಶ್ರಾಂತಿಗೆ ತರುವುದು. ಕಣ್ಣು ಮುಚ್ಚಿಸಿ, ಹಣೆಯ ಮೇಲೆ ಅಂಗೈಯನ್ನು ಹಗುರವಾಗಿ ಇಟ್ಟು, ಗೆರೆಗಳೆಲ್ಲ ಸಡಿಲವಾಗುವವರೆಗೆ ಕಾಯುತ್ತೇನೆ. ಆಮೇಲೆ ಹಣೆ ಎತ್ತದೆ ನಿಧಾನವಾಗಿ ಕಣ್ಣು ತೆರೆಯಲು ಹೇಳುತ್ತೇನೆ. ಹುಬ್ಬಿನ ನಿಜವಾದ ಜಾಗ ಕಾಣುವುದು ಆ ಕ್ಷಣದಲ್ಲಿ. ಮಾತಾಡುವಾಗ, ನಗುವಾಗ, ಫೋಟೊಕ್ಕೆ ನಿಂತಾಗ ಕಾಣುವುದು ಸ್ನಾಯು ಹಿಡಿದಿಟ್ಟುಕೊಂಡ ಜಾಗ. ಗಂಡಸರಲ್ಲಿ ಹುಬ್ಬು ಕಣ್ಣಿನ ಗೂಡಿನ ಮೇಲಂಚಿನ ಮಟ್ಟದಲ್ಲಿ ಹೆಚ್ಚುಕಡಿಮೆ ನೇರವಾಗಿ ಇರುತ್ತದೆ. ಹೆಂಗಸರಲ್ಲಿ ಅಂಚಿಗಿಂತ ತುಸು ಮೇಲೆ, ಹೊರಭಾಗದಲ್ಲಿ ಕಮಾನಾಗಿ. ಈ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಬಹುದು. ಹುಬ್ಬು ಮೂಳೆಯ ಕೆಳಗೆ ಜಾರಿದೆಯೋ ಇಲ್ಲವೋ ಎಂದು ನಿರ್ಧರಿಸಲು ಆ ಮುಟ್ಟುವಿಕೆ ಸಾಕು.

ಆಮೇಲೆ ರೆಪ್ಪೆ. ಇಲ್ಲಿ ನಾನು ಆತುರಪಡುವುದೇ ಇಲ್ಲ. ಕಣ್ಣಿಗೆ ಟಾರ್ಚ್ ಹಿಡಿದಾಗ ಪಾಪೆಯ ನಡುವೆ ಕಾಣುವ ಬೆಳಕಿನ ಚುಕ್ಕೆಯಿಂದ ಮೇಲಿನ ರೆಪ್ಪೆಯ ಅಂಚಿನವರೆಗೆ ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್ ಅಂತರ ಇರುತ್ತದೆ. ಒಂದು ಕಡೆ ಅದು 2 ಆಗಿದ್ದರೆ ಆ ರೆಪ್ಪೆ ಜೋತಿದೆ ಎಂದರ್ಥ. ಜೋತ ರೆಪ್ಪೆ ಪಾಪೆಗೆ ಅಡ್ಡ ಬಂದಾಗ ಮಿದುಳು ಸುಮ್ಮನಿರುವುದಿಲ್ಲ, ಫ್ರಂಟಾಲಿಸ್‌ಗೆ ಕೆಲಸ ಹಚ್ಚಿ ಹುಬ್ಬಿನ ಮೂಲಕ ರೆಪ್ಪೆಯನ್ನು ಎಳೆಸುತ್ತದೆ. ಮೇಲೇರಿದ ಹುಬ್ಬಿನ ಅಡಿಯಲ್ಲೇ ಜೋತ ರೆಪ್ಪೆ ಅಡಗಿರುತ್ತದೆ ಎಂದು ನಾನು ಹೇಳುವುದು ಇದಕ್ಕೇ. ಖಚಿತಪಡಿಸಿಕೊಳ್ಳುವುದು ಸುಲಭ. ಜೋತ ರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿ ಆ ಕಡೆಯ ಹುಬ್ಬು ತಾನಾಗಿ ಕೆಳಗಿಳಿಯುತ್ತದೆ. ಕೆಲವರಲ್ಲಿ ಆ ಹೊತ್ತಿಗೆ ಇನ್ನೊಂದು ರೆಪ್ಪೆ ಕುಸಿಯುವುದೂ ಉಂಟು. ಎರಡೂ ರೆಪ್ಪೆಗಳಿಗೆ ಮಿದುಳಿನಿಂದ ಸಮನಾದ ಆದೇಶ ಹೋಗುತ್ತದೆ ಎಂಬುದು ಹೆರಿಂಗ್ ನಿಯಮ. ಒಂದಕ್ಕೆ ಸಹಾಯ ಸಿಕ್ಕ ಕೂಡಲೇ ಆದೇಶದ ಜೋರು ಎರಡಕ್ಕೂ ಇಳಿಯುತ್ತದೆ. ಇಂಥವರಿಗೆ ಬೇಕಾದದ್ದು ರೆಪ್ಪೆಯ ಶಸ್ತ್ರಚಿಕಿತ್ಸೆ. ರೆಪ್ಪೆ ಸರಿಯಾದ ಮೇಲೆ ಹುಬ್ಬುಗಳು ಮುಟ್ಟದೆಯೇ ಸಮಕ್ಕೆ ಬಂದದ್ದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ, ಪ್ರತಿ ಸಲವೂ ಅಷ್ಟೇ ಸಂತೋಷವಾಗುತ್ತದೆ.

ಹಳೆಯ ಫೋಟೊಗಳನ್ನು ತರಲು ಎಲ್ಲರಿಗೂ ಹೇಳುತ್ತೇನೆ, ಹತ್ತು-ಇಪ್ಪತ್ತು ವರ್ಷ ಹಿಂದಿನವಾದರೆ ಒಳ್ಳೆಯದು. ಗುರುತಿನ ಚೀಟಿಯ ಫೋಟೊ ಆದರೂ ಸಾಕು. ಸ್ವಲ್ಪ ಏರುಪೇರು ಇಲ್ಲದ ಮುಖ ಬಹಳ ಅಪರೂಪ. ಕಾಲೇಜಿನ ದಿನಗಳಲ್ಲೂ ಎಡ ಹುಬ್ಬು ಕೆಳಗಿದ್ದರೆ ಅದು ಆ ಮುಖದ ಸ್ವಭಾವ, ಕಾಯಿಲೆಯಲ್ಲ. ಎಷ್ಟೋ ಜನ ಅದನ್ನು ಗಮನಿಸಿರುವುದು ಮೊಬೈಲ್‌ನ ಸೆಲ್ಫಿಯಲ್ಲಿ ಅಷ್ಟೇ. ಕನ್ನಡಿಯಲ್ಲಿ ದಿನವೂ ಕಾಣುವ ಮುಖ ಅಲ್ಲಿ ಎಡಬಲ ತಿರುಗಿರುತ್ತದೆ, ಹಾಗಾಗಿ ಹಳೆಯ ಏರುಪೇರೇ ಹೊಸದಾಗಿ ಕಣ್ಣಿಗೆ ಹೊಡೆಯುತ್ತದೆ. ಫೋಟೊಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರೆ ಹಲವರು ನೆಮ್ಮದಿಯಿಂದ ಎದ್ದು ಹೋಗುತ್ತಾರೆ. ಅದೂ ಚಿಕಿತ್ಸೆಯೇ ಎಂದು ನಾನು ನಂಬಿದ್ದೇನೆ.

ಇನ್ನು ಕೆಲವರ ಹುಬ್ಬು ಇದ್ದಲ್ಲೇ ಇರುತ್ತದೆ, ಕೂದಲು ಮಾತ್ರ ಕಡಿಮೆಯಾಗಿರುತ್ತದೆ. ವರ್ಷಗಟ್ಟಲೆ ಒಂದೇ ಕಡೆ ಹೆಚ್ಚು ಕಿತ್ತಿದ್ದರೆ ಬುಡ ಸತ್ತು ಮತ್ತೆ ಬೆಳೆಯದೆ ಹೋಗಬಹುದು. ಹೊರಗಿನ ಮೂರನೇ ಒಂದು ಭಾಗ ಎರಡೂ ಕಡೆ ಬೋಳಾಗಿದ್ದರೆ ಥೈರಾಯ್ಡ್ ರಕ್ತಪರೀಕ್ಷೆ ಬರೆಯುತ್ತೇನೆ. ದುಂಡಗೆ ತೇಪೆಯಂತೆ ಉದುರಿದ್ದರೆ, ಅಥವಾ ಸ್ಪರ್ಶ ತಿಳಿಯದ ಮಚ್ಚೆಗಳ ಜೊತೆಗೆ ಉದುರಿದ್ದರೆ ಚರ್ಮವೈದ್ಯರ ಬಳಿಗೆ ಕಳಿಸುತ್ತೇನೆ. ಕುಷ್ಠರೋಗದಲ್ಲೂ ಹುಬ್ಬಿನ ಕೂದಲು ಹೋಗುತ್ತದೆ.

ಹಠಾತ್ತಾಗಿ ಒಂದು ಹುಬ್ಬು ಇಳಿದರೆ ಮಾತೇ ಬೇರೆ. ಇದನ್ನು ಓದುವ ಎಲ್ಲರಿಗೂ ಒಂದು ಪರೀಕ್ಷೆ ತಿಳಿದಿರಲಿ ಎಂದು ನನ್ನ ಆಸೆ. ಮುಖ ಸೊಟ್ಟಗಾದವರಿಗೆ ಹಣೆ ಎತ್ತಲು ಹೇಳಿ. ಬಾಯಿ ಸೊಟ್ಟಗಾಗಿದೆ, ಹಣೆಯ ಗೆರೆ ಮಾತ್ರ ಎರಡೂ ಕಡೆ ಚೆನ್ನಾಗಿ ಮೂಡುತ್ತದೆ ಎಂದಾದರೆ ತೊಂದರೆ ಮಿದುಳಿನಲ್ಲಿರುವ ಸಾಧ್ಯತೆ ಹೆಚ್ಚು. ಹಣೆಗೆ ಮಿದುಳಿನ ಎರಡೂ ಬದಿಗಳಿಂದ ಆದೇಶ ಬರುವುದರಿಂದ ಪಾರ್ಶ್ವವಾಯುವಿನಲ್ಲಿ ಹಣೆ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಹಣೆಯೂ ಬಾಯಿಯೂ ಒಂದೇ ಕಡೆ ಸತ್ತಂತಿದ್ದರೆ ಹೆಚ್ಚಾಗಿ ಮುಖದ ನರದ ತೊಂದರೆ, ಅಂದರೆ ಬೆಲ್ಸ್ ಪಾಲ್ಸಿಯಂಥದ್ದು. ಎರಡರಲ್ಲಿ ಯಾವುದೇ ಆಗಲಿ, ಮನೆಯಲ್ಲಿ ಕಾದು ನೋಡುವ ವಿಷಯವಲ್ಲ. ಮೊದಲನೆಯದಕ್ಕೆ ನಿಮಿಷಗಳ ಲೆಕ್ಕ. ಎರಡನೆಯದಕ್ಕೆ 72 ಗಂಟೆಗಳೊಳಗೆ ಸ್ಟಿರಾಯ್ಡ್ ಮಾತ್ರೆ ಶುರುವಾದರೆ ಪೂರ್ತಿ ಚೇತರಿಕೆಯ ಅವಕಾಶ ಹೆಚ್ಚುತ್ತದೆ. ರೆಪ್ಪೆ ಜೋತು, ನೋಡಿದ್ದೆಲ್ಲ ಎರಡೆರಡಾಗಿ ಕಂಡು, ಪಾಪೆಯೂ ದೊಡ್ಡದಾಗಿದ್ದರೆ ಅದೂ ಅಂದೇ ಆಸ್ಪತ್ರೆಗೆ ಓಡಬೇಕಾದ ಲಕ್ಷಣ. ಬೆಳಿಗ್ಗೆ ಸರಿಯಿದ್ದು ಸಂಜೆಗೆ ಜೋಲುವ ರೆಪ್ಪೆ ಮಯಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯು ಕಾಯಿಲೆಯ ಗುರುತಾಗಿರಬಹುದು. ಅವರಿಗೆ ಕತ್ತರಿಯೂ ಇಲ್ಲ, ಬೊಟಾಕ್ಸ್ ಅಂತೂ ಮೊದಲೇ ಇಲ್ಲ.

ಸೆಳೆತದ ಕಾಯಿಲೆಯಲ್ಲಿ ಇನ್ನೊಂದು ವಿಚಿತ್ರ ಕಾಣುತ್ತದೆ. ಹುಬ್ಬು ಕೆಳಗಿಳಿದು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರೆ ಬ್ಲೆಫರೋಸ್ಪಾಸಂ. ಮುಖದ ಒಂದೇ ಬದಿ ಸೆಳೆದು, ಕಣ್ಣು ಮುಚ್ಚುವಾಗ ಆ ಕಡೆಯ ಹುಬ್ಬು ಮೇಲಕ್ಕೆ ಹೋದರೆ ಅದು ಹೆಮಿಫೇಷಿಯಲ್ ಸ್ಪಾಸಂ. 1905ರಲ್ಲಿ ಫ್ರೆಂಚ್ ನರವೈದ್ಯ ಬಾಬಿನ್‌ಸ್ಕಿ ಗುರುತಿಸಿದ ಲಕ್ಷಣ. ಬೇಕೆಂದು ಮಾಡಹೋದರೆ ಈ ಎರಡು ಚಲನೆಗಳನ್ನು ಒಟ್ಟಿಗೆ ಮಾಡುವುದು ಕಷ್ಟ. ಹಾಗಾಗಿ "ಅಭ್ಯಾಸಬಲ, ನಾಟಕ" ಎಂದು ಬೈಸಿಕೊಂಡು ಬಂದವರಿಗೆ ಈ ಒಂದು ಲಕ್ಷಣ ದೊಡ್ಡ ಆಸರೆ.

ಕಾರಣ ಗೊತ್ತಾದ ಮೇಲೆ ಚಿಕಿತ್ಸೆ. ಸಣ್ಣ ಏರುಪೇರಿಗೆ ಬೊಟುಲಿನಂ ಟಾಕ್ಸಿನ್, ಜನ ಬೊಟಾಕ್ಸ್ ಎನ್ನುವುದು, ಚೆನ್ನಾಗಿ ಒದಗುತ್ತದೆ. ಅದು ಬಂದದ್ದೇ ಕಣ್ಣಿನ ವೈದ್ಯದಿಂದ: ಮೆಳ್ಳೆಗಣ್ಣಿಗೂ ಬ್ಲೆಫರೋಸ್ಪಾಸಂಗೂ ಅಮೆರಿಕದಲ್ಲಿ 1989ರಲ್ಲಿ ಒಪ್ಪಿಗೆ ಸಿಕ್ಕಿತು, ಹುಬ್ಬಿನ ನಡುವಿನ ಗೆರೆಗೆ ಸಿಕ್ಕಿದ್ದು 2002ರಲ್ಲಿ. ಅದು ಹುಬ್ಬನ್ನು ಎತ್ತುವುದಿಲ್ಲ, ಕೆಳಗೆಳೆಯುವವರನ್ನು ಸುಮ್ಮನಾಗಿಸುತ್ತದೆ. ಹುಬ್ಬಿನ ಬಾಲದ ಕೆಳಗಿನ ಆರ್ಬಿಕ್ಯುಲಾರಿಸ್‌ಗೂ ನಡುವಿನ ಗಂಟಿಗೂ ಕೊಟ್ಟರೆ ಎದುರಾಳಿಯಿಲ್ಲದ ಫ್ರಂಟಾಲಿಸ್ ಒಂದೆರಡು ಮಿಲಿಮೀಟರ್ ಮೇಲಕ್ಕೆ ಒಯ್ಯುತ್ತದೆ. ಪೂರ್ತಿ ಪರಿಣಾಮಕ್ಕೆ ಎರಡು ವಾರ ಬೇಕು, ಮೂರು-ನಾಲ್ಕು ತಿಂಗಳು ನಿಲ್ಲುತ್ತದೆ. ಹಾಗಾಗಿ ಎರಡು ವಾರಕ್ಕೆ ಮೊದಲು "ಇನ್ನೊಂದು ಚುಚ್ಚಿ" ಎಂದರೆ ನಾನು ಒಪ್ಪುವುದಿಲ್ಲ.

ಇದೇ ಔಷಧಿ ಹಣೆಗೆ ಹೆಚ್ಚಾದರೆ ಹುಬ್ಬು ಕುಸಿಯುತ್ತದೆ. ಬೇರೆಡೆ ಹಣೆಯ ಗೆರೆಗೆ ಚುಚ್ಚಿಸಿಕೊಂಡು, ಹುಬ್ಬು ಭಾರವಾಗಿ ಕಣ್ಣು ತೆರೆಯಲಾಗದೆ ಬರುವವರು ಅಪರೂಪವಲ್ಲ. ಅವರಲ್ಲಿ ಹಲವರು ಮೊದಲೇ ಜೋತ ರೆಪ್ಪೆಯನ್ನು ಹಣೆಯ ಬಲದಿಂದ ಎತ್ತಿ ಬದುಕುತ್ತಿದ್ದವರು; ಆ ಬಲವೇ ಹೋಯಿತು. ಇದಕ್ಕೆ ಮದ್ದು ಕಾಲವೇ, ಪರಿಣಾಮ ಕಳೆಯುವವರೆಗೆ ಕಾಯಬೇಕು. ಅಪ್ರಾಕ್ಲೋನಿಡಿನ್ ಹನಿ ರೆಪ್ಪೆಯನ್ನು ಸ್ವಲ್ಪ ಎತ್ತಿ ನೆರವಾಗುತ್ತದೆ, ಹುಬ್ಬನ್ನಲ್ಲ. ಇದಕ್ಕೆ ವಿರುದ್ಧವಾಗಿ ಹಣೆಯ ನಡುಭಾಗಕ್ಕೆ ಮಾತ್ರ ಕೊಟ್ಟಿದ್ದರೆ ಹೊರಭಾಗ ಚೂಪಾಗಿ ಮೇಲೇಳುತ್ತದೆ. ಅದನ್ನು ಅಲ್ಲಿಗೆ ಒಂದು ಸಣ್ಣ ಡೋಸ್ ಕೊಟ್ಟು ಇಳಿಸಬಹುದು.

ಫಿಲ್ಲರ್, ಅಂದರೆ ಚರ್ಮದಡಿ ತುಂಬಲು ಚುಚ್ಚುವ ಜೆಲ್, ಅದರ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ: ಹುಬ್ಬುಗಳ ನಡುವಿನ ಜಾಗ ಮುಖದಲ್ಲೇ ಅತಿ ಅಪಾಯಕರ ಜಾಗಗಳಲ್ಲೊಂದು. ಅಲ್ಲಿನ ರಕ್ತನಾಳಗಳು ಕಣ್ಣಿನ ಒಳಗಿನ ನಾಳದೊಂದಿಗೆ ಕೂಡಿಕೊಂಡಿವೆ. ಫಿಲ್ಲರ್ ನಾಳದೊಳಗೆ ಹೋದರೆ ಹಿಂದಕ್ಕೆ ಸರಿದು ದೃಷ್ಟಿಯನ್ನೇ ಕಳೆಯಬಹುದು, ಮತ್ತೆ ಬರುವ ಭರವಸೆ ಬಹಳ ಕಡಿಮೆ. ದಾರದಿಂದ ಎತ್ತುವ ವಿಧಾನ ಅಪಾಯದಲ್ಲಿ ಇದಕ್ಕಿಂತ ಕಡಿಮೆ, ಬಾಳಿಕೆಯಲ್ಲೂ ಕಡಿಮೆ, ನಾನು ಮಾಡುವುದಿಲ್ಲ.

ನಿಜವಾಗಿ ಜಾರಿದ ಹುಬ್ಬಿಗೆ ಶಸ್ತ್ರಚಿಕಿತ್ಸೆಯೇ ದಾರಿ. ವಯಸ್ಸಾದವರಲ್ಲಿ ಹುಬ್ಬಿನ ಭಾರಕ್ಕೆ ರೆಪ್ಪೆಯ ಮೇಲೆ ಚರ್ಮ ಮಡಚಿ ಕೂರುತ್ತದೆ, ಮೇಲಿನ ದೃಷ್ಟಿಗೆ ಅಡ್ಡವಾಗುತ್ತದೆ. "ಈ ಹೆಚ್ಚಿನ ಚರ್ಮ ತೆಗೆದುಬಿಡಿ" ಎನ್ನುತ್ತಾರೆ. ಹುಬ್ಬನ್ನು ಅದರ ಜಾಗಕ್ಕೆ ಎತ್ತಿ ಹಿಡಿದು ತೋರಿಸಿದರೆ ಮಡಿಕೆಯ ಬಹುಪಾಲು ಮಾಯವಾಗುತ್ತದೆ. ಅದನ್ನು ನೋಡದೆ ರೆಪ್ಪೆಯ ಚರ್ಮ ಕತ್ತರಿಸಿದರೆ ಹುಬ್ಬು ಇನ್ನೂ ಕೆಳಗೆ ಬರುತ್ತದೆ, ಆಮೇಲೆ ಎತ್ತಲು ಹೋದರೆ ಕಣ್ಣು ಮುಚ್ಚದಾಗುತ್ತದೆ. ಹುಬ್ಬಿನ ಕೆಳಅಂಚಿನಿಂದ ರೆಪ್ಪೆಗೂದಲಿನವರೆಗೆ ಕನಿಷ್ಠ 20 ಮಿಲಿಮೀಟರ್ ಚರ್ಮ ಉಳಿಯಬೇಕು. ಎರಡೂ ಬೇಕಿದ್ದರೆ ಮೊದಲು ಹುಬ್ಬು, ಆಮೇಲೆ ರೆಪ್ಪೆ.

ಮುಖದ ನರ ಸೋತು ಚೇತರಿಸದವರಿಗೂ, ಪೊದೆಹುಬ್ಬಿನ, ಹಣೆಯಲ್ಲಿ ಆಳವಾದ ಗೆರೆಗಳಿರುವ ಹಿರಿಯರಿಗೂ ನಾನು ಹುಬ್ಬಿನ ಮೇಲಂಚಿನಲ್ಲೇ ನೇರವಾಗಿ ಕತ್ತರಿಸುವ ವಿಧಾನ ಆರಿಸುತ್ತೇನೆ. ಗುರುತು ಹಾಕುವುದು ಯಾವಾಗಲೂ ಕೂರಿಸಿಯೇ. ಮಲಗಿದರೆ ಹುಬ್ಬು ತಾನಾಗಿ ಹಿಂದೆ ಸರಿಯುತ್ತದೆ, ಅರಿವಳಿಕೆ ಚುಚ್ಚಿದರೆ ಊದಿಕೊಳ್ಳುತ್ತದೆ, ಎರಡರಿಂದಲೂ ಅಳತೆ ಕೆಡುತ್ತದೆ. ಹುಬ್ಬನ್ನು ಬೆರಳಿನಿಂದ ಬೇಕಾದ ಎತ್ತರಕ್ಕೆ ತಂದು, ಅದರ ಮೇಲಂಚಿಗೆ ತಾಗಿಸಿ ಪೆನ್ನಿನ ತುದಿಯನ್ನು ಗಾಳಿಯಲ್ಲೇ ಸ್ಥಿರವಾಗಿ ಹಿಡಿದು, ಹುಬ್ಬು ಬಿಟ್ಟು, ಪೆನ್ನು ಇದ್ದ ಮಟ್ಟದಲ್ಲೇ ಹಣೆಗೆ ಗುರುತು ಹಾಕುತ್ತೇನೆ. ಎಷ್ಟು ಚರ್ಮ ತೆಗೆಯಬೇಕೆಂದು ಅದೇ ಹೇಳುತ್ತದೆ. ಕೆಳಗಿನ ಗೆರೆಯನ್ನು ಮೊದಲ ಸಾಲಿನ ಕೂದಲಿಗೆ ತಾಗಿಸಿ ಎಳೆದು, ಕೂದಲು ಬೆಳೆದ ಓರೆಗೆ ಸಮನಾಗಿ ಬ್ಲೇಡ್ ಓರೆ ಹಿಡಿಯುತ್ತೇನೆ. ಬುಡ ಉಳಿದರೆ ಕಲೆ ಕೂದಲಿನಡಿ ಮರೆಯಾಗುತ್ತದೆ. ಚರ್ಮವನ್ನೂ ಅದರಡಿಯ ಕೊಬ್ಬನ್ನೂ ತೆಗೆದು ಸ್ನಾಯುವಿನ ಮೇಲ್ಪದರದಲ್ಲೇ ನಿಲ್ಲುತ್ತೇನೆ, ಮೂಗಿನ ಕಡೆಗೆ ವಿಶೇಷವಾಗಿ, ಹಣೆಗೆ ಸ್ಪರ್ಶ ಕೊಡುವ ನರ ಅಲ್ಲೇ ಮೇಲೆ ಬರುತ್ತದೆ.

ನರ ಸೋತವರಲ್ಲಿ ಮತ್ತೆ ಜಾರದಂತೆ ಮೂಳೆಯ ಪೊರೆಗೆ ಕರಗದ ದಾರದಿಂದ ಕಟ್ಟುತ್ತೇನೆ, ಬೇಕಾದ್ದಕ್ಕಿಂತ ಒಂದಿಷ್ಟು ಮೇಲೆ. ಸ್ನಾಯು ಕೆಲಸ ಮಾಡುವವರಿಗೆ ಹೀಗೆ ಕಟ್ಟುವುದಿಲ್ಲ, ಚಲನೆ ಸತ್ತುಹೋಗುತ್ತದೆ. ನರ ಸೋತ ಕಣ್ಣು ಪೂರ್ತಿ ಮುಚ್ಚುತ್ತದೆಯೇ ಎಂದು ನೋಡದೆ ಹುಬ್ಬಿಗೆ ಕೈಹಾಕಲೇಬಾರದು, ಎತ್ತಿದಷ್ಟೂ ಕಣ್ಣು ಒಣಗುತ್ತದೆ. ಇವರಿಗೆ ಕೆಲವೊಮ್ಮೆ ಸರಿಯಿರುವ ಬದಿಯ ಹಣೆಗೆ ಸ್ವಲ್ಪ ಟಾಕ್ಸಿನ್ ಕೊಟ್ಟು ಎರಡನ್ನೂ ಹತ್ತಿರ ತರುವುದೂ ಒಳ್ಳೆಯ ಉಪಾಯ.

ಕಿರಿಯರಿಗೆ, ಹುಬ್ಬಿನ ಮೇಲೆ ಕಲೆ ಬೇಡವೆನ್ನುವವರಿಗೆ ಎಂಡೋಸ್ಕೋಪ್, ಅಂದರೆ ಕ್ಯಾಮೆರಾ ಇರುವ ತೆಳು ಕೊಳವೆಯ ವಿಧಾನ. ಕೂದಲ ಹಿಂದೆ ಸಣ್ಣ ಸೀಳುಗಳಿಂದ ಒಳಹೋಗಿ ಮೂಳೆಗೆ ಅಂಟಿದ ಪೊರೆಯನ್ನು ಬಿಡಿಸಬೇಕು. ಎಳೆದು ಕಟ್ಟುವುದಕ್ಕಿಂತ ಬಿಡಿಸುವುದು ಮುಖ್ಯ, ಅರ್ಧ ಬಿಡಿಸಿದ ಹುಬ್ಬು ಎಷ್ಟು ಎಳೆದರೂ ಹಿಂದಕ್ಕೆ ಬರುತ್ತದೆ. ಕಣತಲೆಯಲ್ಲಿ ಫ್ರಂಟಾಲಿಸ್‌ಗೆ ಹೋಗುವ ನರದ ಕವಲು ತೆಳ್ಳಗೆ ಹಾದುಹೋಗುತ್ತದೆ. ಅದು ಕೆಟ್ಟರೆ ಎತ್ತಲು ಹೋದ ಹುಬ್ಬೇ ಬಿದ್ದುಹೋಗುತ್ತದೆ. ಹಣೆ ಈಗಾಗಲೇ ಬಹಳ ಎತ್ತರವಿರುವವರಿಗೆ ಈ ವಿಧಾನ ಒಗ್ಗುವುದಿಲ್ಲ.

ಮುಗಿದ ಮೇಲೆ ಮೊದಲ ಎರಡು ದಿನ ತಣ್ಣನೆ ಪಟ್ಟಿ ಇಡುವುದು, ತಲೆ ಎತ್ತರಕ್ಕಿಟ್ಟು ಮಲಗುವುದು. ಚರ್ಮದ ಹೊಲಿಗೆಗಳನ್ನು ಸುಮಾರು ಒಂದು ವಾರಕ್ಕೆ ಬಿಚ್ಚುತ್ತೇನೆ. ಹಣೆಯಲ್ಲಿ ಜೋಮು, ಆಮೇಲೆ ತುರಿಕೆ ಬರುತ್ತದೆ. ತುರಿಕೆ ಬಂದರೆ ನರ ಎಚ್ಚರಗೊಳ್ಳುತ್ತಿದೆ ಎಂದು ಹೇಳಿ ಧೈರ್ಯ ತುಂಬುತ್ತೇನೆ. ಕಲೆ ಮೊದಲ ಕೆಲವು ವಾರ ಕೆಂಪಾಗಿಯೇ ಇರುತ್ತದೆ, ಬಿಸಿಲಿಗೆ ಒಡ್ಡಿದರೆ ಕಪ್ಪಾಗುತ್ತದೆ, ಸನ್‌ಸ್ಕ್ರೀನ್ ಬಿಡಬಾರದು. ಮಿಲಿಮೀಟರ್ ಲೆಕ್ಕದಲ್ಲಿ ಸಮ ಮಾಡಿಕೊಡುತ್ತೇನೆ ಎಂದು ಯಾರಿಗೂ ಮಾತು ಕೊಡುವುದಿಲ್ಲ. ಮೂರು ತಿಂಗಳಿಗೆ ಹಣೆ ಬಿಡಿಸಿ ಮತ್ತೆ ಫೋಟೊ ತೆಗೆಯುತ್ತೇನೆ, ತಿದ್ದುವುದೇನಾದರೂ ಉಳಿದಿದ್ದರೆ ಆಗಲೇ ನಿರ್ಧಾರ.